ಕುಳಿತಲ್ಲಿಯೇ ಬರುವ ಪ್ರಯಾಣದ ಪೀಡೆ

ಘಟ್ಟದ ದಾರಿಯಲ್ಲಿ ಬಸ್ಸು ಸುತ್ತಿ ಸುತ್ತಿ ಇಳಿಯುವಾಗ ಹೊಟ್ಟೆ ತೊಳಸುವುದು, ಬಾಯಲ್ಲಿ ನೀರೂರುವುದು, ಹಣೆಯ ಮೇಲೆ ತಣ್ಣನೆಯ ಬೆವರು ಮೂಡುವುದು, ಕಡೆಗೆ ವಾಂತಿಯಾಗುವುದು—ಇವೊಂದೂ ನಮ್ಮ ವಾಚಕರಿಗೆ ಹೊಸತಲ್ಲ. ಆಗುಂಬೆ, ಚಾರ್ಮಾಡಿಗಳ ಮಾರ್ಗವಾಗಿ ಹೋಗುವವರು ನಿಂಬೆಯ ಹಣ್ಣನ್ನು ಕೈಯಲ್ಲಿ ಹಿಡಿದೇ ಬಸ್ಸು ಹತ್ತುವುದುಂಟು. ಆದರೆ ಸ್ವಂತ ಮನೆಯಲ್ಲಿ, ಒಂದಂಗುಲವೂ ಅಲುಗದ ಕುರ್ಚಿಯ ಮೇಲೆ ಕುಳಿತವರಿಗೆ ಅದೇ ಪೀಡೆಯು ಬರುವುದೆಂದರೆ ಆಶ್ಚರ್ಯವಲ್ಲವೆ? ಈಗ ಅನೇಕ ಮನೆಗಳಲ್ಲಿ ಹೀಗೆ ಆಗುತ್ತಲಿರುವುದು. ವೀಡಿಯೋ ಆಟಗಳಲ್ಲಿ ಒಂದು ಬಗೆಯುಂಟು. ಅದರಲ್ಲಿ ಆಡುವವನ ಗೊಂಬೆಯು ತೆರೆಯ ಮೇಲೆ ಕಾಣಿಸದು. ಆ ಗೊಂಬೆಯ ಕಣ್ಣಿಗೆ ಕಾಣುವ ಲೋಕವೇ ಕಾಣಿಸುವುದು. ಅದು ಓಡಿದರೆ ಗೋಡೆಗಳು ಹಿಂದಕ್ಕೆ ಓಡುವುವು; ತಿರುಗಿದರೆ ಬಯಲೆಲ್ಲ ತಿರುಗುವುದು. ಇಂತಹ ಆಟವನ್ನು ಕಾಲು ಗಂಟೆ ಆಡುವಷ್ಟರಲ್ಲಿಯೇ ಕೆಲವರಿಗೆ ತಲೆ ಸುತ್ತಿ ಓಕರಿಕೆ ಬರುವುದು.

ಇದಕ್ಕೆ ಮನೆಯವರು ಕೊಡುವ ಕಾರಣಗಳು ಹಲವು. ಅಜ್ಜಿಯು ಪಿತ್ತ ಕೆರಳಿತೆನ್ನುವಳು. ತಂದೆಯು ಕಣ್ಣು ಕೆಟ್ಟಿತೆನ್ನುವನು. ಜೊತೆಗಾರ ಹುಡುಗರು ಇವನು ಪುಕ್ಕಲನೆಂದು ನಗುವರು. ಹೀಗೆ ನಕ್ಕವರ ಮುಂದೆ ಮಾನ ಉಳಿಸಿಕೊಳ್ಳಲೆಂದು ಎಷ್ಟೋ ಮಕ್ಕಳು ಹಲ್ಲು ಕಚ್ಚಿ ಆಡುತ್ತ ಕುಳಿತು, ಆ ಬಳಿಕ ಸಂಜೆಯೆಲ್ಲ ಮಲಗುವರು. ಈ ಪೀಡೆಯು ಪುಕ್ಕಲುತನವೂ ಅಲ್ಲ, ನೆವವೂ ಅಲ್ಲ. ಅದು ದೇಹದ ಸಹಜವಾದ ವ್ಯಾಪಾರ ಎಂಬುದನ್ನು ತಿಳಿಸುವುದೇ ಈ ತಿಂಗಳ ಲೇಖನದ ಉದ್ದೇಶವು.

ನಮ್ಮ ದೇಹವು ನಿಂತಿದೆಯೋ, ಚಲಿಸುತ್ತಿದೆಯೋ ಎಂಬುದನ್ನು ಮಿದುಳಿಗೆ ತಿಳಿಸುವ ದೂತರು ಮುಖ್ಯವಾಗಿ ಮೂವರು. ಕಣ್ಣು ಒಂದು, ಅಂಗಾಲು, ಸ್ನಾಯು, ಕೀಲುಗಳ ಸ್ಪರ್ಶಜ್ಞಾನ ಎರಡನೆಯದು, ಒಳಗಿವಿ ಮೂರನೆಯದು. ಕಿವಿಯು ಕೇಳುವುದಕ್ಕೆ ಮಾತ್ರವೆಂದು ಸಾಮಾನ್ಯವಾಗಿ ತಿಳಿಯುವರು. ಆದರೆ ಪ್ರತಿಯೊಂದು ಒಳಗಿವಿಯಲ್ಲಿಯೂ ದ್ರವ ತುಂಬಿದ 3 ಅರ್ಧವೃತ್ತಾಕಾರದ ನಾಳಗಳಿವೆ. ತಲೆಯು ತಿರುಗಿದಾಗ ಅವುಗಳೊಳಗಿನ ದ್ರವವು ಹಿಂದುಳಿದು, ತಿರುಗಿದ ಸುದ್ದಿಯನ್ನು ನರಗಳಿಗೆ ಮುಟ್ಟಿಸುವುದು. ಅವುಗಳ ಬಳಿಯಲ್ಲಿಯೇ 2 ಸಣ್ಣ ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿವೆ. ಅವು ವಾಲುವಿಕೆಯನ್ನೂ, ಮುಂದಕ್ಕೆ ಹಿಂದಕ್ಕೆ ಆಗುವ ಜಗ್ಗುವಿಕೆಯನ್ನೂ ತಿಳಿಸುವುವು. ಈ ಮೂವರು ದೂತರೂ ಒಂದೇ ಮಾತನ್ನು ಹೇಳುತ್ತಿರುವವರೆಗೆ ನಮಗೆ ಇವರ ಇರವೇ ಅರಿವಾಗದು. ಹಡಗಿನ ಕೋಣೆಯೊಳಗೆ ಕುಳಿತವನಿಗೆ ಕಿವಿಯು ‘ತೂಗುತ್ತಿರುವೆ’ ಎನ್ನುವುದು, ಕಣ್ಣು ‘ನಿಂತಿರುವೆ’ ಎನ್ನುವುದು. ಆಟದ ಮುಂದೆ ಕುಳಿತವನಿಗೆ ಕಣ್ಣು ‘ಓಡುತ್ತಿರುವೆ’ ಎನ್ನುವುದು, ಕಿವಿಯು ‘ಕುಳಿತಿರುವೆ’ ಎನ್ನುವುದು. ಜಗಳವು ಅದೇ, ಪಕ್ಷಗಳು ಮಾತ್ರ ಅದಲು ಬದಲು. ಓಕರಿಕೆಗೆ ಇಂಗ್ಲಿಷಿನಲ್ಲಿರುವ ‘ನಾಸಿಯಾ’ ಎಂಬ ಶಬ್ದವು ಹಡಗು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು; ಆ ಗ್ರೀಕ್ ಶಬ್ದವು ನಮ್ಮ ‘ನೌಕೆ’ಯ ಬಂಧುವೇ ಆಗಿರುವುದು.

ಇದು ಯಂತ್ರಯುಗದ ಹೊಸ ಪೀಡೆಯೆಂದು ತಿಳಿಯಬೇಕಾದುದಿಲ್ಲ. 1894ರಲ್ಲಿ ಅಮೇರಿಕದ ಸಾನ್‌ಫ್ರಾನ್ಸಿಸ್ಕೋ ನಗರದ ವಸ್ತುಪ್ರದರ್ಶನದಲ್ಲಿ ಒಂದು ವಿಚಿತ್ರವಾದ ಉಯ್ಯಾಲೆಯಿತ್ತು. ಜನರು ಒಂದು ಕೋಣೆಯೊಳಗೆ ಹೋಗಿ, ನಡುವೆ ತೂಗುಹಾಕಿದ ದೊಡ್ಡ ಉಯ್ಯಾಲೆಯಲ್ಲಿ ಕುಳಿತುಕೊಳ್ಳುವರು. ಬಳಿಕ ಉಯ್ಯಾಲೆಯು ಬಹುಮಟ್ಟಿಗೆ ನಿಂತಲ್ಲಿಯೇ ಇರುವುದು. ಕೋಣೆಯೇ ಅವರ ಸುತ್ತ ತೂಗಿ, ಕಡೆಗೆ ಪೂರ್ತಿಯಾಗಿ ಉರುಳುವುದು. ಮೇಜು ಮೊದಲಾದ ಸಾಮಾನುಗಳನ್ನು ನೆಲಕ್ಕೆ ಬಿಗಿದಿದ್ದುದರಿಂದ ಅವು ಕದಲುತ್ತಿರಲಿಲ್ಲ. ಒಳಗಿದ್ದವರಿಗೆ ತಾವೇ ತಲೆಕೆಳಗಾದಂತೆ ತೋರಿ, ಅವರು ಆಸನವನ್ನು ಬಿಗಿಯಾಗಿ ಹಿಡಿದುಕೊಳ್ಳುವರು. ಅನೇಕರಿಗೆ ಅಸ್ವಸ್ಥತೆಯೂ ಆಗುತ್ತಿತ್ತು. ಪದಾರ್ಥವಿಜ್ಞಾನಿಯಾದ ಆರ್. ಡಬ್ಲ್ಯು. ವುಡ್ ಎಂಬವರು ಇದನ್ನು ನೋಡಿ 1895ರಲ್ಲಿ ಲೇಖನವೊಂದನ್ನು ಬರೆದರು. ಉಯ್ಯಾಲೆಯ ಗುಟ್ಟು ಚೆನ್ನಾಗಿ ತಿಳಿದಿದ್ದರೂ ಹೊಟ್ಟೆಯೊಳಗಿನ ಆ ತಳಮಳವನ್ನು ತಡೆಯಲಾಗದು ಎಂಬುದು ಅವರ ಅನುಭವ. ಈ ಮಾತನ್ನು ಗೃಹಸ್ಥರು ಲಕ್ಷ್ಯವಿಟ್ಟು ಗಮನಿಸತಕ್ಕದ್ದು. ‘ಅದು ಬರಿಯ ಚಿತ್ರವಲ್ಲವೆ?’ ಎಂದು ಮಗುವಿಗೆ ಬುದ್ಧಿ ಹೇಳಿದ ಮಾತ್ರಕ್ಕೆ ಪೀಡೆಯು ನಿಲ್ಲದು. ಬುದ್ಧಿಗೆ ತಿಳಿದುದು ಹೊಟ್ಟೆಗೆ ತಿಳಿಯದು.

ಪೀಡೆಯ ಮೂಲವು ಕಿವಿಯೊಡನೆ ಸೇರಿದೆಯೆಂಬುದಕ್ಕೆ ಹಳೆಯ ಸಾಕ್ಷ್ಯವೂ ಉಂಟು. ವಿಲಿಯಂ ಜೇಮ್ಸ್ ಎಂಬ ಅಮೇರಿಕದ ಪಂಡಿತರು 1882ರಲ್ಲಿ 500ಕ್ಕೂ ಹೆಚ್ಚು ಮಂದಿ ಕಿವುಡ ಮೂಕರ ವಿಷಯವನ್ನು ಪರಿಶೀಲಿಸಲಾಗಿ, ಅವರಲ್ಲಿ ಅನೇಕರಿಗೆ ಗಿರಗಿರನೆ ತಿರುಗಿಸಿದರೂ ತಲೆಸುತ್ತು ಬಾರದೆಂದು ಕಂಡುಬಂದಿತು. ಒಳಗಿವಿಯ ತೂಕದ ಭಾಗವು ಪೂರಾ ಕೆಟ್ಟವರಿಗೆ ಕಡಲ ಪೀಡೆಯೂ ಬಾರದು. ಹಾಗಾದರೆ ಈ ತಲೆಸುತ್ತು ರೋಗದ ಗುರುತಲ್ಲ. ಅಂಗವು ಚೆನ್ನಾಗಿ ಕೆಲಸ ಮಾಡುತ್ತಿರುವುದರ ಗುರುತು. ಆದರೆ ದೂತರು ಜಗಳವಾಡಿದರೆ ಹೊಟ್ಟೆಯೇಕೆ ತೊಳಸಬೇಕು? ಮೈಕೆಲ್ ಟ್ರೀಸ್ಮನ್ ಎಂಬವರು 1977ರಲ್ಲಿ ಒಂದು ಊಹೆಯನ್ನು ಮುಂದಿಟ್ಟರು: ವಿಷಪದಾರ್ಥವು ಮೈಗೇರಿದಾಗಲೂ ಇಂದ್ರಿಯಗಳ ಸುದ್ದಿಯು ಹೀಗೆಯೇ ಕಲಸಿಹೋಗುವುದು, ಆದುದರಿಂದ ಮಿದುಳು ವಿಷ ಸೇರಿತೆಂದು ಬಗೆದು ವಾಂತಿಯಿಂದ ಅದನ್ನು ಹೊರದೂಡಲೆಳಸುವುದು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲವಾದರೂ ಊಹೆಯು ಮನನೀಯವಾಗಿರುವುದು.

ಇನ್ನು ಆಟದ ವಿಷಯ. 1957ರಷ್ಟು ಹಿಂದೆಯೇ ಹೆಲಿಕಾಪ್ಟರ್ ನಡೆಸುವುದನ್ನು ಕಲಿಸುವ ಅನುಕರಣಯಂತ್ರದಲ್ಲಿ ಈ ಪೀಡೆಯು ಕಂಡುಬಂದು ವರದಿಯಾಯಿತು. ನಿಜವಾದ ಹಾರಾಟದಲ್ಲಿ ಪಳಗಿದವರಿಗೇ ಹೊಸಬರಿಗಿಂತ ಅದು ಹೆಚ್ಚಾಗಿ ತಟ್ಟಿತೆಂಬುದನ್ನು ಕೇಳಿದ ಮೇಲೆ ಇದನ್ನು ಪುಕ್ಕಲುತನವೆನ್ನುವವರು ಯಾರು? 1992ರಲ್ಲಿ ‘ವುಲ್ಫೆನ್‌ಸ್ಟೈನ್ 3ಡಿ’, 1993ರಲ್ಲಿ ‘ಡೂಮ್’ ಎಂಬ ಆಟಗಳು ಬಂದು, ಗೊಂಬೆಯ ಕಣ್ಣಿನಿಂದ ನೋಡುವ ಪದ್ಧತಿಯು ಮನೆಮನೆಗೂ ಹರಡಿತು. ಪೀಡೆಯೂ ಜೊತೆಯಲ್ಲಿಯೇ ಬಂದಿತು. ಅದನ್ನು ಹೆಚ್ಚಿಸುವ ಕಾರಣಗಳು ಕೆಲವುಂಟು. ನಡಿಗೆಯು ನಿಜವೆಂದು ತೋರಲೆಂದು ಹೆಜ್ಜೆಹೆಜ್ಜೆಗೂ ದೃಶ್ಯವನ್ನು ಮೇಲೆ ಕೆಳಗೆ ಕುಲುಕಿಸುವುದು ಒಂದು. ತಿರುಗುವಾಗ ಚಿತ್ರವನ್ನು ಮಸಕುಗೊಳಿಸುವುದು ಎರಡನೆಯದು. ಕೈಯಾಡಿಸಿದ ಒಂದು ಗಳಿಗೆಯ ಮೇಲೆ ಚಿತ್ರವು ತಡವರಿಸಿ ತಿರುಗುವುದು ಮೂರನೆಯದು. ನಾಲ್ಕನೆಯದು ಕಿರಿದಾದ ನೋಟ. ತೆರೆಯನ್ನು ಒಂದು ಕಿಟಕಿಯೆಂದು ಭಾವಿಸಿರಿ. 53 ಸೆಂಟಿಮೀಟರ್ ಅಗಲದ ತೆರೆಯನ್ನು 60 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ಕಣ್ಣಿನ ಮುಂದೆ ಸುಮಾರು 48 ಡಿಗ್ರಿಗಳನ್ನು ಆಕ್ರಮಿಸುವುದು. ದೂರದ ಗೋಡೆಯ ಟಿ.ವಿ.ಯಾದರೋ ಸುಮಾರು 20 ಡಿಗ್ರಿ ಮಾತ್ರ. ದೂರದ ತೆರೆಗೆಂದು ಅಳವಡಿಸಿದ ಕಿರಿನೋಟವನ್ನು ಹತ್ತಿರ ಕುಳಿತು ನೋಡುವುದು ದುರ್ಬೀನಿನಿಂದ ನೋಡುತ್ತ ಓಡಿದಂತೆ. ಅತ್ತಿತ್ತ ತುಸು ತಿರುಗಿದರೂ ಲೋಕವೆಲ್ಲ ಕೊಚ್ಚಿಹೋದಂತಾಗುವುದು.

ಇನ್ನೊಂದು ಸಂಗತಿಯು ಗೃಹಿಣಿಯರಿಗೆ ಮುಖ್ಯವಾದುದು. ಕಾರು ನಡೆಸುವವನಿಗೆ ವಾಂತಿಯಾಗುವುದು ಅಪರೂಪ. ಪಕ್ಕದಲ್ಲಿ ಕುಳಿತವರಿಗೇ ಆಗುವುದು. ಮುಂದಿನ ತಿರುವು ಯಾವ ಕಡೆಗೆಂದು ನಡೆಸುವವನ ಮಿದುಳು ಮೊದಲೇ ಬಲ್ಲುದು. ಹಾಗೆಯೇ ಮಗನು ಆಡುವಾಗ ಅವನಿಗೆ ಏನೂ ಆಗದೆ, ಬಳಿಯಲ್ಲಿ ಕುಳಿತು ನೋಡುವ ತಾಯಿಗೆ ಓಕರಿಕೆ ಬರುವುದುಂಟು. ಆಗ ಅವಳು ಎದ್ದು ಒಳಗೆ ಹೋಗುವಳು; ಮಗನು ಒಬ್ಬನೇ ಉಳಿಯುವನು. ‘ಅಮ್ಮನಿಗೆ ನನ್ನ ಆಟವೆಂದರೆ ತಾತ್ಸಾರ’ ಎಂದು ಅವನು ಎಣಿಸುವನು. ಆಟವೇ ಕೆಟ್ಟದ್ದೆಂದು ಅವಳು ಎಣಿಸುವಳು. ಕಿವಿ ಕಣ್ಣುಗಳ ಒಂದು ಸಣ್ಣ ಮನಸ್ತಾಪವು ಹೀಗೆ ತಾಯಿಮಕ್ಕಳ ಮನಸ್ತಾಪವಾಗಿ ಬೆಳೆಯುವುದು ಶೋಚನೀಯವಲ್ಲವೆ?

ಪರಿಹಾರಗಳು ಬಹಳ ಸುಲಭವಾಗಿವೆ. ಮೊದಲನೆಯದಾಗಿ, ಆಕಳಿಕೆ, ತಲೆಭಾರ, ತಣ್ಣನೆಯ ಬೆವರು ಇವುಗಳಲ್ಲಿ ಯಾವುದೊಂದು ತೋರಿದರೂ ಆ ಕ್ಷಣವೇ ನಿಲ್ಲಿಸತಕ್ಕದ್ದು. ಹಟ ಹಿಡಿದರೆ ಪೀಡೆಯು ಕೆಲವು ಗಂಟೆಗಳ ಕಾಲ ಬಿಡದು. ಮರುದಿನ 10 ನಿಮಿಷ ಮಾತ್ರ ಆಡಿ, ದಿನದಿನಕ್ಕೆ ತುಸು ತುಸುವೇ ಏರಿಸಿದರೆ ಬಹುಮಂದಿಗೆ ಅಭ್ಯಾಸವಾಗುವುದು. ಎರಡನೆಯದಾಗಿ, ತೆರೆಯಿಂದ ಹಿಂದೆ ಸರಿದು, ಕೋಣೆಯಲ್ಲಿ ದೀಪವನ್ನು ಹಚ್ಚಿ, ಅಲುಗದ ಗೋಡೆ ಬಾಗಿಲುಗಳು ಕಣ್ಣಿಗೆ ಬೀಳುವಂತೆ ಕುಳಿತುಕೊಳ್ಳಬೇಕು. ಮೂರನೆಯದಾಗಿ, ಆಟದ ಸೆಟಿಂಗ್ಸ್‌ನಲ್ಲಿ ಹೆಡ್ ಬಾಬ್, ಕ್ಯಾಮರಾ ಶೇಕ್, ಮೋಷನ್ ಬ್ಲರ್ ಎಂಬವುಗಳಿದ್ದರೆ ಅವನ್ನು ನಿಲ್ಲಿಸಿ, ಫೀಲ್ಡ್ ಆಫ್ ವ್ಯೂ ಎಂಬ ಅಂಕೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ನೋಡಬೇಕು. ಎಲ್ಲರಿಗೂ ಒಂದೇ ಅಳತೆಯು ಹೊಂದದು. ತೆರೆಯ ನಡುವೆ ಕದಲದ ಚುಕ್ಕೆಯೊಂದಿದ್ದರೆ ಅದರ ಮೇಲೆ ದೃಷ್ಟಿಯಿಡುವುದು ಹಿತಕರ. 2008ರ ‘ಮಿರರ್ಸ್ ಎಡ್ಜ್’ ಎಂಬ ಓಟದ ಆಟದಲ್ಲಿ ಇದಕ್ಕಾಗಿಯೇ ಅಂತಹ ಚುಕ್ಕೆಯನ್ನಿಟ್ಟರು. ಇಷ್ಟಾದರೂ ಒಗ್ಗದಿದ್ದರೆ, ಗೊಂಬೆಯನ್ನು ಹಿಂದಿನಿಂದ ನೋಡುತ್ತ ಆಡುವ ಬೇರೆ ಆಟಗಳು ಬೇಕಾದಷ್ಟಿವೆ. ಪೀಡೆ ಬಂದಾಗ ಕಿಟಕಿಯ ಬಳಿ ನಿಂತು, ತಂಗಾಳಿಗೆ ಮುಖವೊಡ್ಡಿ, ದೂರದ ಮರವನ್ನೋ ಮನೆಯನ್ನೋ ನೋಡುವುದು ಒಳ್ಳೆಯದು. ಪ್ರಯಾಣಕ್ಕೆಂದು ಮಾರುವ ಗುಳಿಗೆಗಳಲ್ಲಿ ಬಹಳವು ನಿದ್ರೆಯನ್ನು ತರುವುವು. ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡತಕ್ಕದ್ದಲ್ಲ. ತಲೆಯು ತಿಳಿಯಾಗುವವರೆಗೆ ದೊಡ್ಡವರು ವಾಹನವನ್ನು ನಡೆಸಕೂಡದು. ತೆರೆಯ ಮುಂದಲ್ಲದೆ ಬೇರೆ ಹೊತ್ತಿನಲ್ಲಿಯೂ ತಲೆಸುತ್ತು ಬರುವುದಾದರೆ, ಕಿವಿ ಮಂದವಾದರೆ, ಅಥವಾ ಕಠಿನವಾದ ತಲೆನೋವಿನೊಡನೆ ವಾಂತಿಯಾದರೆ ಅದು ಬೇರೆಯ ವಿಷಯ. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮಕ್ಕಳು ಎಷ್ಟು ಹೊತ್ತು ಆಡಬಹುದು, ಯಾವ ಆಟವನ್ನು ಆಡಬಹುದು ಎಂಬುದನ್ನು ಹಿರಿಯರು ಬೇರೆಯಾಗಿ ವಿಚಾರಿಸಿ ನಿರ್ಧರಿಸಲಿ. ಆ ವಾದಕ್ಕೆ ಈ ಓಕರಿಕೆಯನ್ನು ಸಾಕ್ಷಿಯಾಗಿ ಎಳೆಯುವುದು ನ್ಯಾಯವಲ್ಲ. ಘಟ್ಟದಲ್ಲಿ ವಾಂತಿಯಾಯಿತೆಂದು ತವರಿಗೆ ಹೋಗುವುದನ್ನು ಯಾರೂ ಪಾಪವೆನ್ನರು. ತಲೆ ಸುತ್ತುತ್ತಿದೆಯೆಂದು ಮಗುವು ಹೇಳಿದಾಗ ನಗದೆ, ಬೈಯದೆ, ಒಂದು ಲೋಟ ನೀರು ಕೊಟ್ಟು ಆಟವನ್ನು ನಿಲ್ಲಿಸಿರಿ. ಮರುದಿನ ಆ ಸೆಟಿಂಗ್ಸನ್ನು ಇಬ್ಬರೂ ಕೂಡಿ ತೆರೆದು ನೋಡಿರಿ. ತನ್ನ ಮೈಯ ಮಾತನ್ನು ಮನೆಯವರು ನಂಬುವರೆಂಬ ಧೈರ್ಯವಿರುವ ಮಗುವು ನಾಳೆ ದೊಡ್ಡ ನೋವುಗಳನ್ನೂ ಮುಚ್ಚಿಡದೆ ಹೇಳುವುದು.