ತರಗೆಲೆಯ ತಂಟೆ

ಮಾಘ ಕಳೆದು ಫಾಲ್ಗುಣ ಕಾಲಿಟ್ಟಿತೆಂದರೆ ಮಲ್ಲೇಶ್ವರದ ನಮ್ಮ ಮನೆಯ ಮುಂದೆ ಹೊಂಗೆಯ ತರಗೆಲೆ ಸುರಿಯತೊಡಗುತ್ತದೆ. ಬೆಳಗ್ಗೆ ಗುಡಿಸಿ, ನೀರು ಚಿಮುಕಿಸಿ, ಮನೆಯಾಕೆ ರಂಗೋಲಿಯ ಕೊನೆಯ ಎಳೆ ಎಳೆಯುವಷ್ಟರಲ್ಲಿ ಮೇಲಿನಿಂದ ಮತ್ತೊಂದು ಹಿಡಿ! ಸೊಂಟ ನೋಯುವುದು ನಿಜ, ಒಪ್ಪುತ್ತೇನೆ. ನೆರೆಯವರು ಕಂಡುಕೊಂಡಿರುವ ಪರಿಹಾರಗಳನ್ನು ಮಾತ್ರ ಒಪ್ಪಲಾರೆ.

ಒಂದನೆಯದು ಬೆಂಕಿ. ಬೀದಿಯಲ್ಲಿ ಕಸ ಸುಡಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಹೊಗೆ ನಿಯಮ ಓದಿಲ್ಲವಷ್ಟೆ. ನೇರವಾಗಿ ನನ್ನ ಮೊಮ್ಮಗಳ ಉಬ್ಬಸದ ಎದೆಗೇ ಬರುತ್ತದೆ.

ಎರಡನೆಯದು ಕೊಡಲಿ. "ರಾಯರೆ, ಮರವನ್ನೇ ತೆಗೆಸಿಬಿಡೋಣ, ಅರ್ಜಿಗೆ ಒಂದು ರುಜು ಹಾಕಿ" ಎಂದು ಮೊನ್ನೆ ಎದುರುಮನೆಯವರು ಬಂದರು. ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದು 1976ರ ಕಾಯಿದೆಯಿದೆ ಎಂದೆ. "ಅಪ್ಪಣೆ ತರುವುದು ನನಗಿರಲಿ" ಎಂದರು. ನಾನು ರುಜು ಹಾಕಲಿಲ್ಲ. ಅಂದಿನಿಂದ ಮಾತು ನಿಂತಿದೆ. ಅವರ ಕಾರು ಮಾತ್ರ ಅದೇ ಮರದ ನೆರಳಿನಲ್ಲಿ ನಿಲ್ಲುತ್ತದೆ!

ಷಿಕಾಗೋದಲ್ಲಿರುವ ನನ್ನ ಮಗ ಚಳಿಗಾಲವೆಲ್ಲ ಸಲಿಕೆ ಹಿಡಿದು ಹಿಮ ಎತ್ತುತ್ತಾನೆ. ಮನೆಮುಂದಿನ ಕಾಲುದಾರಿಯನ್ನು ತೆರವು ಮಾಡುವುದು ಅಲ್ಲಿ ಮನೆಯವರದೇ ಹೊಣೆ. ಆ ಹಿಮವಾದರೋ ಕರಗಿ ಚರಂಡಿ ಸೇರುತ್ತದೆ. ನಮ್ಮ ಎಲೆ ಕೊಳೆತು ಮಣ್ಣಾಗುತ್ತದೆ. ಹೊಂಗೆಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡಿದವರ ಮೊಮ್ಮಕ್ಕಳಲ್ಲವೆ ನಾವು? ಹಿತ್ತಿಲಲ್ಲಿ ಒಂದು ಗುಂಡಿ, ಎಲೆಯ ಮೇಲೆ ಸಗಣಿನೀರು, ಅದರ ಮೇಲೆ ಹಿಡಿ ಮಣ್ಣು; ಕೆಲವು ತಿಂಗಳು ತಾಳ್ಮೆ. ಇಷ್ಟೇ ವಿದ್ಯೆ.

ಪೊರಕೆ ಹಿಡಿಯಲು ಬೇಸರವೆಂದು ಕೊಡಲಿ ಹಿಡಿಯುವುದು ಯಾವ ನ್ಯಾಯ, ಸ್ವಾಮಿ? ನಾಳೆಯಿಂದ ಎದುರುಮನೆಯ ಮುಂದಿನ ಎಲೆಯನ್ನೂ ನಾನೇ ಗುಡಿಸುತ್ತೇನೆ. ಅವರು ಮಾತಾಡದಿದ್ದರೂ ಸರಿಯೆ, ಮರ ಇರಲಿ.