ಹೊಗೆಯಿಂದ ಹುಟ್ಟಿದ ಹಾಡು

ಮನೆಯಲ್ಲಿ ಗಿಟಾರ್ ಕಲಿಯುವ ಮಕ್ಕಳಿದ್ದರೆ ಒಂದು ಸ್ವರಗುಚ್ಛ ಆ ಮನೆಯವರಿಗೆಲ್ಲ ಬಾಯಿಪಾಠವಾಗಿರುತ್ತದೆ. ಮೊದಲು ಮೂರು ಸ್ವರ, ತುಸು ತಡೆದು ನಾಲ್ಕು ಸ್ವರ, ಮತ್ತೆ ಐದು ಸ್ವರ. ಇಷ್ಟೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಇದನ್ನೇ ಕೇಳಿ ಬೇಸತ್ತ ತಂದೆತಾಯಿಯರು ‘ನಿನಗೆ ಬೇರೇನೂ ಬರುವುದಿಲ್ಲವೇ?’ ಎಂದು ಗದರುವುದೂ ಉಂಟು. ಇಂಗ್ಲೆಂಡಿನ ‘ಡೀಪ್ ಪರ್ಪಲ್’ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಆರಂಭ ಅದು. ಹೆಸರಿನ ಅರ್ಥ, ನೀರಿನ ಮೇಲಿನ ಹೊಗೆ. ಅದು ಬರೀ ಕವಿಕಲ್ಪನೆಯಲ್ಲ. ಆ ಹೊಗೆ ನಿಜವಾಗಿಯೂ ಎದ್ದಿತ್ತು, ಆ ನೀರೂ ನಿಜವಾದದ್ದೇ.

ಅದು 1971ರ ಡಿಸೆಂಬರ್ ತಿಂಗಳು. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿರುವ ಮಾಂಟ್ರೊ ಎಂಬ ಊರಿಗೆ ಡೀಪ್ ಪರ್ಪಲ್ ತಂಡ ಬಂದಿಳಿಯಿತು. ಗಿಟಾರಿಗೆ ರಿಚೀ ಬ್ಲ್ಯಾಕ್‌ಮೋರ್, ಗಾಯನಕ್ಕೆ ಇಯಾನ್ ಗಿಲನ್, ಬೇಸ್ ಗಿಟಾರಿಗೆ ರೋಜರ್ ಗ್ಲೋವರ್, ಆರ್ಗನ್‌ಗೆ ಜಾನ್ ಲಾರ್ಡ್, ಡ್ರಮ್ಸ್‌ಗೆ ಇಯಾನ್ ಪೇಸ್. ಅಲ್ಲಿನ ಕ್ಯಾಸಿನೊ ಚಳಿಗಾಲಕ್ಕೆ ಬಾಗಿಲು ಹಾಕಿದ ಮೇಲೆ ಅದರ ರಂಗಮಂದಿರದಲ್ಲಿಯೇ ಹೊಸ ಆಲ್ಬಂ ಮುದ್ರಿಸಿಕೊಳ್ಳುವುದು ಅವರ ಯೋಜನೆ. ಅದಕ್ಕೆಂದೇ ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಸ್ಟುಡಿಯೋವನ್ನು, ಅಂದರೆ ಧ್ವನಿಮುದ್ರಣದ ಯಂತ್ರಗಳನ್ನು ಹೊತ್ತ ದೊಡ್ಡ ಲಾರಿಯನ್ನು, ಬಾಡಿಗೆಗೆ ತರಿಸಿದ್ದರು.

ಬಾಗಿಲು ಹಾಕುವ ಮುನ್ನ ಕ್ಯಾಸಿನೊದಲ್ಲಿ ಒಂದೇ ಒಂದು ಕಛೇರಿ ಬಾಕಿಯಿತ್ತು. ಡಿಸೆಂಬರ್ 4ರಂದು ಅಮೆರಿಕದ ಫ್ರಾಂಕ್ ಜಪ್ಪಾ ಮತ್ತು ಅವರ ತಂಡದ ಕಾರ್ಯಕ್ರಮ. ಅದರ ನಡುವೆ ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಪಿಸ್ತೂಲಿನಿಂದ ಚಾವಣಿಯ ಕಡೆಗೆ ಬೆಂಕಿ ಹಾರಿಸಿಬಿಟ್ಟ! ಬೆತ್ತದ ಹೊದಿಕೆಯ ಚಾವಣಿ ಹೊತ್ತಿಕೊಂಡಿತು. ನೋಡನೋಡುತ್ತಿದ್ದಂತೆ ಇಡೀ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಜಪ್ಪಾ ತಂಡದ ವಾದ್ಯಗಳೆಲ್ಲ ಸುಟ್ಟು ಬೂದಿಯಾದವು. ಪುಣ್ಯಕ್ಕೆ ಒಂದು ಜೀವವೂ ಹೋಗಲಿಲ್ಲ. ಮಾಂಟ್ರೊ ಜಾಝ್ ಉತ್ಸವವನ್ನು 1967ರಲ್ಲಿ ಆರಂಭಿಸಿದ ಕ್ಲಾಡ್ ನೋಬ್ಸ್ ಅಂದು ಒಳಗೆ ಸಿಲುಕಿದ್ದ ಹುಡುಗರನ್ನು ಹೊರಗೆ ತರಲು ತಾವೇ ನುಗ್ಗಿದ್ದರು. ಸಭಿಕರ ನಡುವೆ ಇದ್ದ ಡೀಪ್ ಪರ್ಪಲ್ ತಂಡದವರೂ ಪಾರಾಗಿ ಹೋಟೆಲಿಗೆ ಮರಳಿದರು. ಬೆಟ್ಟದ ಕಡೆಯಿಂದ ಬೀಸುತ್ತಿದ್ದ ಗಾಳಿ ಹೊಗೆಯನ್ನು ಸರೋವರದ ಮೇಲೆ ಹರಡುತ್ತಿದ್ದುದನ್ನು ಅವರು ಕಿಟಕಿಯಿಂದ ಕಂಡರು.

ಮುದ್ರಣಕ್ಕೆ ಗೊತ್ತು ಮಾಡಿದ್ದ ಜಾಗವೇ ಇಲ್ಲವಾಯಿತು. ಉಳಿದದ್ದು ಲಾರಿ, ವಾದ್ಯಗಳು ಮತ್ತು ಕೈಯಲ್ಲಿದ್ದ ಕೆಲವು ದಿನಗಳು. ನೋಬ್ಸ್ ಓಡಾಡಿ ‘ಪೆವಿಲಿಯನ್’ ಎಂಬ ಹಳೆಯ ರಂಗಮಂದಿರವನ್ನು ಕೊಡಿಸಿದರು. ರಾತ್ರಿ ವಾದನ ಶುರುವಾದದ್ದೇ ತಡ, ಸುತ್ತಲಿನ ನಿವಾಸಿಗಳ ನಿದ್ದೆ ಕೆಟ್ಟು ದೂರು ಹೋಯಿತು. ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರೆ, ತಂಡದ ಸಹಾಯಕರು ಒಳಗಿನಿಂದ ಬಾಗಿಲನ್ನು ಒತ್ತಿ ಹಿಡಿದು ನಿಂತಿದ್ದರು! ಆ ಗಡಿಬಿಡಿಯಲ್ಲಿ ಮುದ್ರಣವಾದದ್ದು ಒಂದೇ ಒಂದು ಹಾಡಿನ ವಾದ್ಯಭಾಗ. ಅದಕ್ಕಿನ್ನೂ ಸಾಹಿತ್ಯವಿರಲಿಲ್ಲ, ಹೆಸರೂ ಇರಲಿಲ್ಲ. ಇಂದು ಗಿಟಾರ್ ಕಲಿಯುವ ಮಕ್ಕಳು ನುಡಿಸುವ ಸ್ವರಗುಚ್ಛ ಅದೇ.

ಅಲ್ಲಿಂದಲೂ ಹೊರಬಿದ್ದ ತಂಡ ಕಡೆಗೆ ಚಳಿಗಾಲಕ್ಕೆ ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲ್ ಸೇರಿತು. ಓಣಿಯಂತಹ ಹಜಾರವೇ ಸ್ಟುಡಿಯೋ. ಸದ್ದು ತಡೆಯಲು ಹಾಸಿಗೆಗಳ ಅಡ್ಡಗೋಡೆ. ಧ್ವನಿಮುದ್ರಣಕಾರ ಮಾರ್ಟಿನ್ ಬರ್ಚ್ ಹೊರಗೆ ಲಾರಿಯಲ್ಲಿ. ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ದಾಟಿ, ಚಳಿಯಲ್ಲಿ ಲಾರಿಯವರೆಗೆ ಹೋಗಬೇಕಿತ್ತು. ಈ ಫಜೀತಿಯೇ ಬೇಡವೆಂದು ಅವರು ಕೇಳುವುದನ್ನೇ ಬಿಟ್ಟು, ಸರಿಯಾಯಿತೆಂದು ಮನಸ್ಸಿಗೆ ಅನ್ನಿಸುವವರೆಗೆ ನುಡಿಸುತ್ತ ಹೋದರು.

ಆಲ್ಬಂ ತುಂಬಲು ಇನ್ನೊಂದು ಹಾಡು ಬೇಕಾದಾಗ ಪೆವಿಲಿಯನ್‌ನ ಆ ವಾದ್ಯಭಾಗ ನೆನಪಿಗೆ ಬಂತು. ಬೆಂಕಿಯ ಕೆಲವು ದಿನಗಳ ಬಳಿಕ ಗ್ಲೋವರ್ ನಿದ್ದೆಯಿಂದೇಳುತ್ತ ತಮಗರಿವಿಲ್ಲದೆಯೇ ಉಚ್ಚರಿಸಿದ ಮಾತು ಹಾಡಿಗೆ ಹೆಸರಾಯಿತು. ಈ ಹೆಸರು ಕೇಳಿದರೆ ಮಾದಕ ವಸ್ತುವಿನ ಹಾಡೆಂದು ಜನ ತಿಳಿದಾರೆಂಬ ಅಳುಕೂ ಅವರಿಗಿತ್ತು. ಆದರೆ ಸಾಹಿತ್ಯದಲ್ಲಿ ಇರುವುದೆಲ್ಲ ನಡೆದ ಸಂಗತಿ. ಯಾವ ಊರಿಗೆ ಬಂದೆವು, ಏಕೆ ಬಂದೆವು, ಯಾರ ಕಛೇರಿ ನಡೆದಿತ್ತು, ಏನು ಸುಟ್ಟಿತು, ಯಾರು ನೆರವಾದರು ಎಂಬುದನ್ನು ವರದಿಗಾರನೊಬ್ಬ ಪತ್ರಿಕೆಗೆ ಬರೆದ ಹಾಗೆ ಹೇಳಿದ್ದಾರೆ. ನೋಬ್ಸ್ ಅವರ ಪ್ರಸ್ತಾಪವೂ ಅದರಲ್ಲಿದೆ.

ಇನ್ನು ಆ ಸ್ವರಗುಚ್ಛದ ವಿಚಾರ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಅದರಲ್ಲಿರುವುದು ನಾಲ್ಕೇ ಸ್ವರ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ ಮತ್ತು ಪ್ರತಿ ಮಧ್ಯಮ. ಪ್ರತಿ ಮಧ್ಯಮ ಒಂದು ಸಲ ಮಾತ್ರ ಇಣುಕಿ ಶುದ್ಧ ಮಧ್ಯಮಕ್ಕೆ ಜಾರುತ್ತದೆ. ಸೊಗಸು ಇರುವುದೇ ಅಲ್ಲಿ. ಪ್ರತಿಯೊಂದು ಸ್ವರದ ಜೊತೆಗೂ ಷಡ್ಜ–ಮಧ್ಯಮಗಳ ನಡುವಿನಷ್ಟೇ ಅಂತರದಲ್ಲಿ ಕೆಳಗಿನ ಇನ್ನೊಂದು ಸ್ವರ ಕೂಡಿಕೊಳ್ಳುತ್ತದೆ. ಇದಕ್ಕಾಗಿ ಬ್ಲ್ಯಾಕ್‌ಮೋರ್ ಎರಡು ತಂತಿಗಳನ್ನು ಬೆರಳುಗಳಿಂದ ಒಟ್ಟಿಗೆ ಮೀಟುತ್ತಾರೆ, ಪ್ಲೆಕ್ಟ್ರಮ್ ಬಳಸುವುದಿಲ್ಲ. ಒಂದೇ ತಂತಿಯ ಮೇಲೆ ನುಡಿಸುವ ಆರಂಭಿಕರಿಗೆ ಆ ತೂಕ ಸಿಗದಿರುವುದು ಇದರಿಂದಲೇ. ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನಿನ ಸದ್ದನ್ನು ಗಿಟಾರಿನ ಆಂಪ್ಲಿಫೈಯರ್ ಮೂಲಕ ಹಾಯಿಸಿ ಅದೇ ಸ್ವರಗಳನ್ನು ನುಡಿಸಿದಾಗ ಎರಡು ವಾದ್ಯ ಸೇರಿ ಒಂದೇ ಗೋಡೆಯಂತೆ ನಿಲ್ಲುತ್ತದೆ.

ವಿಶೇಷವೆಂದರೆ, ಈ ಹಾಡಿನ ಬೆಲೆ ಅದನ್ನು ಮಾಡಿದವರಿಗೇ ತಿಳಿದಿರಲಿಲ್ಲ! 1972ರ ಮಾರ್ಚ್‌ನಲ್ಲಿ ‘ಮಷೀನ್ ಹೆಡ್’ ಆಲ್ಬಂ ಬಂದಾಗ ಜನಪ್ರಿಯವಾಗಬಲ್ಲದೆಂದು ಅವರು ಆರಿಸಿ ಬಿಡಿಯಾಗಿ ಹೊರತಂದದ್ದು ‘ನೆವರ್ ಬಿಫೋರ್’ ಎಂಬ ಬೇರೊಂದು ಹಾಡನ್ನು. ‘ಸ್ಮೋಕ್ ಆನ್ ದ ವಾಟರ್’ ಬೆಳೆದದ್ದು ವೇದಿಕೆಯ ಮೇಲೆ. ಅದೇ ವರ್ಷದ ಆಗಸ್ಟ್‌ನಲ್ಲಿ ಜಪಾನಿನ ಒಸಾಕಾ ಮತ್ತು ಟೋಕಿಯೋ ಕಛೇರಿಗಳನ್ನು ಮುದ್ರಿಸಿ ‘ಮೇಡ್ ಇನ್ ಜಪಾನ್’ ಆಲ್ಬಂ ಮಾಡಲಾಯಿತು. ಜಪಾನಿಗಷ್ಟೇ ಸಾಕೆಂದುಕೊಂಡಿದ್ದ ಆ ಆಲ್ಬಂ ಜಗತ್ತನ್ನೆಲ್ಲ ಸುತ್ತಿತು. 1973ರಲ್ಲಿ ಅಮೆರಿಕದಲ್ಲಿ ಈ ಹಾಡಿನ ಸ್ಟುಡಿಯೋ ರೂಪವನ್ನು ಒಂದು ಬದಿಗೆ, ವೇದಿಕೆಯ ರೂಪವನ್ನು ಇನ್ನೊಂದು ಬದಿಗೆ ಹಾಕಿದ ತಟ್ಟೆ ಬಿಡುಗಡೆಯಾಗಿ, ಜನಪ್ರಿಯತೆಯ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಹಾಡು ಮುದ್ರಣವಾಗಿ ಆಗಲೇ ಒಂದೂವರೆ ವರ್ಷ ಕಳೆದಿತ್ತು.

ಆಮೇಲೆ ತಂಡ 1976ರಲ್ಲಿ ಒಡೆಯಿತು, 1984ರಲ್ಲಿ ಮತ್ತೆ ಕೂಡಿತು. ಗಿಟಾರ್ ವಾದಕರು ಬದಲಾದರು: 1994ರಲ್ಲಿ ಸ್ಟೀವ್ ಮೋರ್ಸ್ ಬಂದರು, 2022ರಲ್ಲಿ ಸೈಮನ್ ಮೆಕ್‌ಬ್ರೈಡ್ ಬಂದರು. ಹಾಡಿನ ನಡುವಿನ ಗಿಟಾರ್ ವಾದನ ಕೈಯಿಂದ ಕೈಗೆ ಬೇರೆಯಾದರೂ ಸ್ವರಗುಚ್ಛ ಮಾತ್ರ ಹಾಗೆಯೇ ಉಳಿಯಿತು. ಆರ್ಮೇನಿಯದಲ್ಲಿ 1988ರ ಡಿಸೆಂಬರ್‌ನಲ್ಲಿ ಭೀಕರ ಭೂಕಂಪವಾದಾಗ ಗಿಲನ್ ಮತ್ತು ಇತರ ಕಲಾವಿದರು ಸೇರಿ ಸಂತ್ರಸ್ತರ ನೆರವಿಗೆ ಹಣ ಕೂಡಿಸಲು ಮರುಮುದ್ರಿಸಿದ್ದು ಇದೇ ಹಾಡನ್ನು. ಒಂದು ಅನಾಹುತದಿಂದ ಹುಟ್ಟಿದ್ದು ಇನ್ನೊಂದು ಅನಾಹುತದಲ್ಲಿ ನೊಂದವರಿಗೆ ಒದಗಿತು. 2007ರ ಜೂನ್‌ನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1,700ಕ್ಕೂ ಹೆಚ್ಚು ಮಂದಿ ಗಿಟಾರ್ ಹಿಡಿದು ಇದನ್ನು ಒಟ್ಟಿಗೆ ನುಡಿಸಿದರು.

ಮಾಂಟ್ರೊ ಕ್ಯಾಸಿನೊವನ್ನು 1975ರಲ್ಲಿ ಮರಳಿ ಕಟ್ಟಲಾಯಿತು. ಜಾನ್ ಲಾರ್ಡ್ 2012ರಲ್ಲಿ, ಕ್ಲಾಡ್ ನೋಬ್ಸ್ 2013ರಲ್ಲಿ ತೀರಿಕೊಂಡರು. ಗೊತ್ತು ಮಾಡಿದ ಜಾಗ ಸುಟ್ಟುಹೋದಾಗ ಆ ಐವರು ಗಂಟುಮೂಟೆ ಕಟ್ಟಿ ಊರಿಗೆ ಮರಳಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವರು ಸಿಕ್ಕ ಹಜಾರದಲ್ಲಿ ಕುಳಿತು ಕೆಲಸ ಮುಗಿಸಿದರು. ಮುಗಿಸುವುದಷ್ಟೇ ಅವರ ಪಾಲಿಗಿತ್ತು. ಮಾಡಿದ್ದರಲ್ಲಿ ಯಾವುದು ಉಳಿಯುವಂಥದ್ದು ಎಂಬುದನ್ನು ಅವರಿಗಿಂತ ಮೊದಲು ಕಂಡುಕೊಂಡವರು ಕೇಳುಗರು.