ಒಂದೇ ಪರೀಕ್ಷೆ ಸಾಲದು



ಮನೆಯಲ್ಲೊಬ್ಬರಿಗೆ ಎಚ್‌ಐವಿ ಇದೆ ಎಂದು ತಿಳಿದರೆ ಎಲ್ಲರ ಗಮನವೂ ಆ ಒಂದು ರೋಗದ ಮೇಲೆಯೇ ನಿಲ್ಲುತ್ತದೆ. ಗುಳಿಗೆ ತರುವುದು, ಯಾರಿಗೂ ಕಾಣದಂತೆ ಇಡುವುದು, ನೆಂಟರು ಕೇಳಿದರೆ ಏನು ಹೇಳುವುದೆಂಬ ಚಿಂತೆಯಲ್ಲೇ ದಿನ ಕಳೆಯುತ್ತದೆ. ಹೀಗಾಗಿ ಒಂದು ಮುಖ್ಯ ಪ್ರಶ್ನೆ ಕೇಳದೆಯೇ ಉಳಿಯುತ್ತದೆ: ಹೆಪಟೈಟಿಸ್ ಸಿ ಪರೀಕ್ಷೆ ಆಗಿದೆಯೇ?

ಎರಡೂ ವೈರಸ್‌ಗಳು ರಕ್ತದ ಮೂಲಕ ಹರಡುತ್ತವೆ. ಒಂದು ಬಂದ ದಾರಿಯಲ್ಲಿ ಇನ್ನೊಂದೂ ಬಂದಿರಬಹುದು. ಹೆಪಟೈಟಿಸ್ ಸಿ ಲಿವರನ್ನು ಹಲವು ವರ್ಷಗಳ ಕಾಲ ನೋವಿಲ್ಲದೆಯೇ ಹಾಳು ಮಾಡುತ್ತದೆ. ಜೊತೆಗೆ ಎಚ್‌ಐವಿಯೂ ಇದ್ದರೆ ಈ ಹಾನಿ ಇನ್ನೂ ಬೇಗ ಆಗುತ್ತದೆ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕೆಲವರಿಗೆ ಕ್ಯಾನ್ಸರ್ ಕೂಡ ಬರುತ್ತದೆ. ಎಚ್‌ಐವಿಯ ಗುಳಿಗೆ ಹೆಪಟೈಟಿಸ್ ಸಿಯನ್ನು ಗುಣಪಡಿಸುವುದಿಲ್ಲ.

ಇದು ಕೆಟ್ಟ ನಡತೆಯವರ ರೋಗವೆಂದು ತಿಳಿಯಬೇಡಿ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ಹೆರಿಗೆಯಲ್ಲೋ ಆಪರೇಷನ್‌ನಲ್ಲೋ ರಕ್ತ ಪಡೆದ ತಾಯಂದಿರು ನಮ್ಮ ನಡುವೆ ಇದ್ದಾರೆ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಅಪಾಯ. ಖತ್ನಾ, ಹಿಜಾಮ, ಕಿವಿ ಚುಚ್ಚಿಸುವುದು, ಕ್ಷೌರ ಯಾವುದೇ ಇರಲಿ, ಹೊಸ ಬ್ಲೇಡು, ಹೊಸ ಸೂಜಿಯನ್ನು ಕೇಳಿ ಪಡೆಯಿರಿ. ಆದರೆ ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಸಲಾಮಿಗೆ ಕೈ ಕೊಡುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಈ ಎರಡೂ ಹರಡುವುದಿಲ್ಲ.

ಈಗ ಸಮಾಧಾನದ ಮಾತು. ಎಚ್‌ಐವಿಗೆ ಜೀವನವಿಡೀ ಗುಳಿಗೆ ಬೇಕು. ಹೆಪಟೈಟಿಸ್ ಸಿ ಹಾಗಲ್ಲ, ಅದು ಗುಣವಾಗುತ್ತದೆ. ಸಾಮಾನ್ಯವಾಗಿ 12 ವಾರ ಗುಳಿಗೆ ನುಂಗಿದರೆ 100ರಲ್ಲಿ ಸುಮಾರು 95 ಮಂದಿ ಮುಕ್ತರಾಗುತ್ತಾರೆ; ಎಚ್‌ಐವಿ ಇದ್ದವರಿಗೂ ಫಲ ಬಹುಮಟ್ಟಿಗೆ ಇಷ್ಟೇ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಗಾಬರಿಯಾಗಬೇಡಿ. ವೈರಸ್ ಈಗಲೂ ಇದೆಯೇ ಎಂದು ತಿಳಿಯಲು ಎರಡನೆಯ ಪರೀಕ್ಷೆ ಮಾಡುತ್ತಾರೆ. ಕೆಲವು ಔಷಧಿಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಎಚ್‌ಐವಿ, ಕ್ಷಯ ಯಾವುದರ ಗುಳಿಗೆ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ತಿಳಿಸಿ. ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಸಹೋದರಿಯರಿಗೆ ದೂರದ ಕಷ್ಟವೂ ಇದೆ. ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಘಟ್ಟದ ಕೆಳಗೆ ಕಾರವಾರದಲ್ಲಿದೆ. ಹಳಿಯಾಳದವರಿಗೆ ಧಾರವಾಡ, ಮುಂಡಗೋಡದವರಿಗೆ ಹುಬ್ಬಳ್ಳಿಯೇ ಹತ್ತಿರ. ಜೋಯಿಡಾದ ಕಾಡಿನೊಳಗಿನ ಊರಿನಿಂದ ಬಸ್ಸು ಹಿಡಿಯುವುದೇ ದೊಡ್ಡ ಕೆಲಸ. ಹೊರಡುವ ಮೊದಲು ತಾಲೂಕು ಆಸ್ಪತ್ರೆಯ ಎಚ್‌ಐವಿ ಆಪ್ತಸಮಾಲೋಚಕರಲ್ಲಿ ಪರೀಕ್ಷೆ ಎಲ್ಲಿ, ಯಾವ ದಿನ ಎಂದು ಕೇಳಿಕೊಳ್ಳಿ. ಗುಳಿಗೆ ತರಲು ಹೋದ ದಿನವೇ ರಕ್ತ ಕೊಟ್ಟು ಬಂದರೆ ಒಂದು ದಿನದ ಕೂಲಿ ಉಳಿಯುತ್ತದೆ. 1097ಕ್ಕೆ ಉಚಿತವಾಗಿ ಕರೆ ಮಾಡಿಯೂ ವಿಚಾರಿಸಬಹುದು. ಕಾಮಾಲೆ ಎಂದು ಬರೆ ಹಾಕಿಸಿಕೊಂಡು, ನಾಟಿ ಕಷಾಯ ಕುಡಿದು ತಿಂಗಳು ಕಳೆಯಬೇಡಿ. ಕೆಲವು ಬೇರು, ಸೊಪ್ಪುಗಳು ಲಿವರನ್ನು ಇನ್ನಷ್ಟು ಕೆಡಿಸುತ್ತವೆ.

ಅತ್ತೆಯಂದಿರಿಗೆ, ನಾದಿನಿಯರಿಗೆ ಒಂದು ಮಾತು. ಗಂಡನಿಂದ ಸೋಂಕು ತಗಲಿದ ಸೊಸೆಯನ್ನೇ ತವರಿಗೆ ಅಟ್ಟುವುದು ಯಾವ ನ್ಯಾಯ? ಎಚ್‌ಐವಿ ಇದ್ದವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು, ಅವರಿಗೆ ತಾರತಮ್ಯ ಮಾಡುವುದನ್ನು 2017ರ ಕಾನೂನು ತಡೆಯುತ್ತದೆ. ಗೀಬತ್ ಎಷ್ಟು ದೊಡ್ಡ ಪಾಪವೆಂದು ನಮಗೆ ಕಾನೂನು ಹೇಳಿಕೊಡಬೇಕಾಗಿಲ್ಲ. ರೋಗ ಬಂದರೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ಯವರೇ ಕಲಿಸಿದ್ದಾರೆ. ಔಷಧಿ ಇದ್ದೂ, ನಾಚಿಕೆಯಿಂದ ಒಬ್ಬ ತಾಯಿ ಪ್ರಾಣ ಕಳೆದುಕೊಳ್ಳಬಾರದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆಕೆಯ ಜೊತೆ ನೀವೂ ಹೋಗಿ, ಆ ಪ್ರಶ್ನೆಯನ್ನು ನೀವೇ ಕೇಳಿ. ಅಲ್ಲಾಹನು ಎಲ್ಲರಿಗೂ ಶಿಫಾ ಕರುಣಿಸಲಿ.